ಮೊಗ್ಗಿರುವ ಹೈಡ್ರಾ

ಗಾಜಿನ ಬಟ್ಟಲಿನಿಂದ ಅವಳು ಡ್ರಾಪರಿನಲ್ಲಿ ಇನ್ನೊಂದು ಸ್ವಲ್ಪ ನೀರು ಹೀರಿ ತೆಗೆದಳು. ನೀರು ಹೆಚ್ಚಾದರೆ ಮೇಲಿಂದ ಸುರಿಯುವ ದ್ರಾವಣ ತೆಳುವಾಗಿ ಪ್ರಾಣಿ ಅರೆಬರೆ ಸಾಯುತ್ತದೆ. ಕಡಿಮೆಯಾದರೆ ಮೈ ಚಾಚುವುದಕ್ಕೆ ಅದಕ್ಕೆ ಧೈರ್ಯ ಬರುವುದಿಲ್ಲ. ಹೈಡ್ರಾ ಎಂಬ ಆ ಪುಟ್ಟ ನೀರಪ್ರಾಣಿ ಮುಳುಗಿ, ಅದರ ಮೇಲೆ ಒಂದು ಪೊರೆಯಷ್ಟು ನೀರು ನಿಲ್ಲಬೇಕು. ಡ್ರಾಪರಿನ ಮೂತಿ ಗಾಜಿಗೆ ತಾಗದ ಹಾಗೆ ಎತ್ತಿ, ಉಸಿರನ್ನು ಪಕ್ಕಕ್ಕೆ ಬಿಟ್ಟು, ಅವಳು ಮಸೂರದಲ್ಲಿ ಕಣ್ಣಿಟ್ಟು ನೋಡಿದಳು. ಬಟ್ಟಲು ಸರಿಸಿದ ಗಾಬರಿಗೆ ಎಲ್ಲವೂ ಮುದುರಿಕೊಂಡಿದ್ದವು. ಕೈಯಿಲ್ಲ, ಕಾಲಿಲ್ಲ, ಸಾಸಿವೆಗಿಂತ ಸಣ್ಣ ಕಂದು ಗಂಟುಗಳು.

"ಇನ್ನೂ ಇಲ್ಲ" ಎಂದಳು.

ಎದುರಿಗೆ ಕೂತಿದ್ದ ಅಕ್ಕ ತಲೆಯಾಡಿಸಿದಳು. ಅಕ್ಕನ ಮೊಣಕೈ ಪಕ್ಕದಲ್ಲಿ ಬಿಸಿನೀರಿನ ಪಾತ್ರೆ, ಅದರೊಳಗೆ ಹಳದಿ ದ್ರಾವಣದ ಸೀಸೆ. ಹೈಡ್ರಾವನ್ನು ಅದು ಇದ್ದ ಹಾಗೆಯೇ ನಿಲ್ಲಿಸಿಬಿಡುವ ದ್ರಾವಣ ಅದು. ಮೂಗಿಗೆ ಹೊಡೆಯುವ ಅದರ ವಾಸನೆ ಈ ಕೋಣೆಯ ಗೋಡೆಗೂ ಈ ಇಬ್ಬರ ಬಟ್ಟೆಗೂ ಯಾವತ್ತೋ ಸೇರಿಹೋಗಿತ್ತು. ಹೊರಗಿನವರು ಮೂಗು ಮುಚ್ಚಿಕೊಂಡರೆ ಮಾತ್ರ ಇವರಿಗೆ ನೆನಪಾಗುತ್ತಿತ್ತು.

ಕಾಯುವ ಹೊತ್ತಿಗೆ ಈ ಮನೆಯಲ್ಲಿ ಒಂದು ಕಟ್ಟಳೆ. ಫ್ಯಾನು ಹಾಕುವಂತಿಲ್ಲ, ನಲ್ಲಿ ತಿರುಗಿಸುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ. ಬೀದಿಯಲ್ಲಿ ಲಾರಿ ಹೋದರೆ ಅಕ್ಕ ಕಣ್ಣು ಮುಚ್ಚಿಕೊಂಡು ಅದರ ಡ್ರೈವರಿನ ಮನೆಮಂದಿಯನ್ನೆಲ್ಲ ಮನಸ್ಸಿನಲ್ಲೇ ವಿಚಾರಿಸಿಕೊಳ್ಳುತ್ತಿದ್ದಳು. ಅಮ್ಮ ಸತ್ತ ವರ್ಷ ಈ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತ ಚಿಕ್ಕ ಹುಡುಗಿ ಮೊದಲು ಕಲಿತದ್ದು ಸೀನನ್ನು ತಡೆದುಕೊಳ್ಳುವುದನ್ನು. ಅಪ್ಪ ಶಾಲೆ ಕಾಲೇಜುಗಳಿಗೆ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡು ಮಾಡಿಕೊಡುತ್ತಿದ್ದವರು. ಅಕ್ಕನಿಗೆ ಅವರು ಕಲಿಸಿದರು, ಅಕ್ಕ ಇವಳಿಗೆ ಕಲಿಸಿದಳು. ಆಗಿನಿಂದ ಅಕ್ಕ ಇವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದಳು. ನಲವತ್ತಾರು ದಾಟಿ, ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟ ಮೇಲೂ ಇವಳು ಪುಟ್ಟಿಯೇ. ಬ್ಯಾಂಕಿನಲ್ಲಿ ಒಮ್ಮೆ ಅಕ್ಕ ಹಾಗೆ ಕೂಗಿದಾಗ, ಸಾಲಿನಲ್ಲಿದ್ದವರೆಲ್ಲ ಯಾವ ಮಗು ತಪ್ಪಿಸಿಕೊಂಡಿತೋ ಎಂದು ಕೆಳಗೆ ನೋಡಿದ್ದರು.

ಈಗ ಗಂಟುಗಳು ಸಡಿಲವಾಗತೊಡಗಿದವು. ಮೊದಲು ಮೈ ನೀಳವಾಯಿತು, ನೂಲಿನ ತುಂಡಿನ ಹಾಗೆ. ಆಮೇಲೆ ತುದಿಯಿಂದ ಕೈಗಳು ಒಂದೊಂದಾಗಿ ಹೊರಟು ಬಾಯಿಯ ಸುತ್ತ ತೆರೆದುಕೊಂಡವು. ಅದರ ದೇಹವೆಂದರೆ ಅಷ್ಟೇ: ಒಳಗೊಂದು ಪದರ, ಹೊರಗೊಂದು ಪದರ, ನಡುವೆ ತೆಳ್ಳನೆಯ ಲೋಳೆ, ಮಧ್ಯೆ ಟೊಳ್ಳು. ಆ ಟೊಳ್ಳೇ ಹೊಟ್ಟೆ. ಎಲುಬಿಲ್ಲ, ರಕ್ತವಿಲ್ಲ, ಮಿದುಳು ಎಂದು ತೋರಿಸುವಂಥದ್ದೇನೂ ಇಲ್ಲ. ತಿನ್ನುವುದು ಯಾವ ಬಾಯಲ್ಲೋ ಉಗುಳುವುದೂ ಅದೇ ಬಾಯಲ್ಲಿ. ಇಂಥ ನೆಂಟರು ನಮ್ಮಲ್ಲೂ ಇದ್ದಾರೆ ಎಂದು ಅಕ್ಕ ಮೊದಲೆಲ್ಲ ತಮಾಷೆ ಮಾಡುತ್ತಿದ್ದಳು.

ಆ ಬಾಯಿಯ ವಿಚಾರಕ್ಕೆ ಒಂದು ಶಾಲೆಯಿಂದ ಸ್ಲೈಡುಗಳು ವಾಪಸು ಬಂದದ್ದೂ ಉಂಟು. ಬಾಯಿಯೇ ಕಾಣುತ್ತಿಲ್ಲ, ಮಾಲು ಸರಿಯಿಲ್ಲ ಎಂದು ಅಲ್ಲಿಯ ಮಾಸ್ತರರ ತಕರಾರು. ಮುಚ್ಚಿದ ಹೈಡ್ರಾಕ್ಕೆ ಬಾಯಿಯೇ ಇರುವುದಿಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳುವುದು? ಉಳಿದ ಮೈಯ ಹಾಗೆ ಅಲ್ಲೂ ಚರ್ಮ ಕೂಡಿಕೊಂಡು ಬಿಡುತ್ತದೆ, ಹೊಲಿಗೆಯ ಗುರುತೂ ಉಳಿಯುವುದಿಲ್ಲ. ತುತ್ತು ಸಿಕ್ಕಾಗ ಪ್ರತಿ ಸಲವೂ ಅದು ತನ್ನ ಮೈಯನ್ನು ತಾನೇ ಹರಿದುಕೊಂಡು ಬಾಯಿ ಮಾಡಿಕೊಳ್ಳಬೇಕು. ಅಕ್ಕ ಅದನ್ನೆಲ್ಲ ಬಿಡಿಸಿ ಬರೆಯುವ ಗೋಜಿಗೆ ಹೋಗದೆ ಬೇರೆ ಸ್ಲೈಡು ಕಳಿಸಿದ್ದಳು.

"ಅರಳಿದವು" ಎಂದಳು ಪುಟ್ಟಿ ತುಟಿಯಲ್ಲೇ.

"ಪಾದ ಯಾವ ಕಡೆ?"

"ನಿನ್ನ ಕಡೆ."

ಈ ಕೆಲಸದ ಗುಟ್ಟೆಲ್ಲ ಇದರಲ್ಲಿತ್ತು. ಬಿಸಿ ದ್ರಾವಣವನ್ನು ಪಾದದ ಕಡೆಯಿಂದ ಬಾಯಿಯ ಕಡೆಗೆ, ಒಂದೇ ಬೀಸಿಗೆ ಹಾಯಿಸಬೇಕು. ಆಗ ಹೈಡ್ರಾ ಮುದುರಿಕೊಳ್ಳುವ ಮೊದಲೇ, ಕೈಚಾಚಿದ ಹಾಗೆಯೇ ಸಾಯುತ್ತದೆ. ಬಾಯಿಯ ಕಡೆಯಿಂದ ಹಾಯಿಸಿದರೆ ಕೈಗಳಿಗೆ ಮೊದಲು ಬಿಸಿ ತಗಲಿ ಒಳಕ್ಕೆ ಸೇದಿಕೊಂಡು ಗಂಟಾಗುತ್ತದೆ. ಆ ಗಂಟಿಗೆ ಎಷ್ಟು ಬಣ್ಣ ಹಚ್ಚಿದರೂ ಯಾವ ಹುಡುಗನೂ ಅದರಲ್ಲಿ ಹೈಡ್ರಾ ಕಾಣಲಾರ. ಅಕ್ಕನ ಕಣ್ಣಿಗೆ ಪೊರೆ ಬಂದು ಈಗ ಬೆಳಕು ನೆರಳಷ್ಟೇ ತಿಳಿಯುತ್ತಿತ್ತು. ಆದರೂ ಸುರಿಯುವ ಕೈ ತನ್ನದೇ ಆಗಬೇಕು ಎಂಬ ಹಟ. ಪುಟ್ಟಿ ಕಣ್ಣು, ಅಕ್ಕ ಕೈ. ಬಟ್ಟಲಿನ ಅಂಚಿಗೆ ಎಡಗೈ ಬೆರಳಿಟ್ಟು ಅಳತೆ ಹಿಡಿದು ಅಕ್ಕ ಸುರಿದಳು. ನಿಮಿಷದಲ್ಲಿ ಬಟ್ಟಲೆಲ್ಲ ಹಳದಿಯಾಯಿತು. ಅದರೊಳಗೆ ಹೈಡ್ರಾಗಳು ಯಾರನ್ನೋ ಕರೆಯುವ ಹಾಗೆ ಕೈ ಬಿಟ್ಟುಕೊಂಡು ನಿಂತಿದ್ದವು.

ಈ ಸಲ ಬೇಡಿಕೆ ಇದ್ದದ್ದು ಮೊಗ್ಗಿರುವ ಹೈಡ್ರಾಕ್ಕೆ. ಮೊಗ್ಗೆಂದರೆ ತಾಯಿಯ ಪಕ್ಕೆಯಲ್ಲಿ ಉಬ್ಬಿ, ತನ್ನದೇ ಕೈ ತನ್ನದೇ ಬಾಯಿ ಮೂಡಿಸಿಕೊಂಡು, ಇನ್ನೂ ಕಳಚಿಕೊಳ್ಳದ ಮರಿ. ಅಂಥದ್ದು ಬಣ್ಣ ಹಿಡಿದು ಗಾಜಿನ ಮೇಲೆ ಕೂತಾಗ ತಾಯಿಯ ಟೊಳ್ಳು ಮರಿಯ ಟೊಳ್ಳಿಗೆ ಸೇರಿರುವುದು ಸ್ಪಷ್ಟವಾಗಿ ಕಾಣುತ್ತದೆ. ಮರಿ ಹಿಡಿದು ನುಂಗಿದ ನೀರುಚಿಗಟದ ಸಾರವೂ ತಾಯಿಯ ಹೊಟ್ಟೆಗೇ ಹರಿಯುತ್ತದೆ. ಯಾರು ಯಾರನ್ನು ಸಾಕುತ್ತಿದ್ದಾರೆ ಎಂದು ಆ ಘಟ್ಟದಲ್ಲಿ ಹೇಳುವುದು ಕಷ್ಟ.

ಬಟ್ಟಲು ಮುಚ್ಚಿಟ್ಟು ಫ್ಯಾನು ಹಾಕುವಷ್ಟರಲ್ಲಿ ಬಾಗಿಲು ತಟ್ಟಿದರು. ಲೆನ್ಸಿನವರು. ಸೂಕ್ಷ್ಮದರ್ಶಕಗಳನ್ನು ಬಿಚ್ಚಿ ಒರೆಸಿ ರಿಪೇರಿ ಮಾಡುವವರು. ಮೊದಲು ವರ್ಷವರ್ಷವೂ ತಪ್ಪದೆ ಬರುತ್ತಿದ್ದರು. ಹೆಂಡತಿ ಸತ್ತ ಮೇಲೂ ಒಂದೆರಡು ಸಲ ಬಂದು ಹೋಗಿ, ಆಮೇಲೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟರು. ಅವರ ಬದಲು ಯಾರು ಯಾರೋ ಬಂದು ತಿರುಪುಗಳನ್ನು ಹಾಳು ಮಾಡಿದ್ದರು. ಈಗ ಹಣೆಯ ಮೇಲೆ ಕೂದಲು ಕಡಿಮೆಯಾಗಿತ್ತು. ಚೀಲ ಮಾತ್ರ ಅದೇ.

"ಬದುಕಿದ್ದೀರಾ?" ಎಂದಳು ಅಕ್ಕ, ದನಿಯಲ್ಲೇ ಗುರುತು ಹಿಡಿದು.

"ನಿಮ್ಮ ಆಶೀರ್ವಾದ. ಅಷ್ಟು ಸುಲಭಕ್ಕೆ ಹೋಗೋನಲ್ಲ."

ಅಕ್ಕ ನಗಲಿಲ್ಲ. ಸುರಿಯುವ ಕೆಲಸವಾದ ಮೇಲೆ ಒಳಗೆ ಹೋಗಿ ಒರಗಿಕೊಳ್ಳುವುದು ಅವಳ ಪದ್ಧತಿ. ಈವತ್ತು ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಹಾಕಿಸಿಕೊಂಡು ಪಹರೆಯವಳ ಹಾಗೆ ಕೂತಳು. ಲೆನ್ಸಿನವರು ಒಂದು ಮಾತಿಗೆ ಬಾಯಿ ತೆರೆದರೆ ಅಕ್ಕ ಎರಡು ಪ್ರಶ್ನೆ ಕೇಳಿ ಅದನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದಳು. ಲೆನ್ಸಿನ ಒಳಗೆ ಬೂಷ್ಟು ಹಿಡಿದದ್ದು ಯಾಕೆ, ಪಟ್ಟಣದ ಕಾಲೇಜುಗಳಲ್ಲಿ ಈಗ ಯಾರಿಗೆ ಸ್ಲೈಡು ಬೇಕು, ಎಲ್ಲರೂ ಪರದೆಯ ಮೇಲೆ ಚಿತ್ರ ತೋರಿಸುತ್ತಾರಂತೆ ಹೌದೆ. ಪುಟ್ಟಿಗೆ ಸೋಜಿಗವಾಯಿತು. ಅಕ್ಕ ಹೊರಗಿನವರ ಜೊತೆ ಇಷ್ಟು ಮಾತಾಡಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ನಡುಮನೆಯಲ್ಲಿ ಫೋನು ಬಡಿದುಕೊಂಡಿತು. ಕಣ್ಣಿನ ಆಸ್ಪತ್ರೆಯವರು ಆಪರೇಷನ್ನಿನ ದಿನ ತಿಳಿಸುತ್ತೇವೆಂದಿದ್ದರು. ನಾನು ಹೋಗ್ತೀನಿ ಎಂದು ಪುಟ್ಟಿ ಎದ್ದರೆ, ನನ್ನ ಕಣ್ಣು, ನಾನೇ ಕೇಳ್ತೀನಿ ಎಂದು ಅಕ್ಕ ಗೋಡೆ ಸವರಿಕೊಂಡು ಹೋದಳು. ಎರಡು ಸಲ ಹಿಂತಿರುಗಿ ನೋಡಿದಳು, ಕಾಣುವವಳ ಹಾಗೆ.

ಲೆನ್ಸಿನವರು ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು.

"ಒಂದು ಮಾತು ಹೇಳ್ಬಿಡ್ತೀನಿ. ಮನಸ್ಸಲ್ಲಿಟ್ಕೊಂಡು ಇಷ್ಟು ವರ್ಷ ಈ ಬೀದಿಗೇ ಬರಲಿಲ್ಲ. ಆವತ್ತು ನಿಮ್ಮಕ್ಕನ ಹತ್ರ ನಾನು ಕೇಳಿದ್ದು ತಪ್ಪೇ ಆಯ್ತು ಅಂತಿಟ್ಕೊಳ್ಳಿ. ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ."

ಅವಳು ಏನು ಎಂದು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು, ಅವರೇ ಮುಂದುವರಿಸಿದರು.

"ಹೆಂಡ್ತಿ ಸತ್ತೋನ ಬಟ್ಟೆ ಒಗೆಯೋಕೆ ಈ ಊರಲ್ಲಿ ಬೇರೆ ಯಾರೂ ಸಿಗಲಿಲ್ವಂತಾ ಅಂತ ಅಂದ್ರಂತಲ್ಲ ನೀವು? ಮದುವೆ ಅನ್ನೋ ಮಾತು ಕೇಳಿದ್ರೇ ಮೈ ಉರಿಯುತ್ತೆ ಅಂತಾನೂ. ಮೊದಲು ಚುಚ್ಚಿತು. ಆಮೇಲೆ ಬಸ್ಸಲ್ಲಿ ಕೂತು ಯೋಚನೆ ಮಾಡಿದ್ರೆ ನಗು ಬಂತು. ಸರಿಯಾಗೇ ಹೇಳಿದಾರೆ ಅನ್ನಿಸ್ತು ಕಣ್ರೀ. ನಿಜವಾಗ್ಲೂ ಆಗ ನಂಗೆ ಬಟ್ಟೆ ಒಗೆಯೋರೇ ಬೇಕಾಗಿತ್ತೋ ಏನೋ."

"ಈಗ?"

"ಈಗ ಇದ್ದಾಳೆ ಒಬ್ಬಳು. ಅವಳಿಗೂ ಎರಡನೇದೇ. ನನ್ನ ಬಟ್ಟೆ ನಾನೇ ಒಗೀತೀನಿ, ಮೊದಲೇ ಕರಾರು ಮಾಡ್ಕೊಂಡ್ಳು." ಅವರು ನಕ್ಕರು. ಅವಳೂ ನಕ್ಕಳು, ಮುಖದಲ್ಲಿ ಏನಾದರೂ ತೋರಿಸಲೇಬೇಕಿತ್ತು.

ಚುಚ್ಚು ಮಾತು ಚೆನ್ನಾಗಿತ್ತು. ಅದನ್ನು ಅವಳು ಒಪ್ಪಲೇಬೇಕು. ತಾನಾಗಿದ್ದರೆ ಅಂಥದ್ದೊಂದು ಹೊಳೆಯುತ್ತಿರಲಿಲ್ಲ. ತಾನಾಗಿದ್ದರೆ ತಲೆ ತಗ್ಗಿಸಿ, ಸ್ವಲ್ಪ ದಿನ ಕೊಡಿ ಎಂದು ಹೇಳಿ, ಆ ದಿನಗಳಲ್ಲೆಲ್ಲ ಕನ್ನಡಿಯ ಮುಂದೆ ಎರಡೆರಡು ಸಲ ನಿಂತು, ಕೊನೆಗೆ ಹೂಂ ಎನ್ನುತ್ತಿದ್ದಳೋ ಊಹೂಂ ಎನ್ನುತ್ತಿದ್ದಳೋ. ಅದು ಈಗ ಅವಳಿಗೇ ಗೊತ್ತಾಗುವ ಹಾಗಿಲ್ಲ. ಅವರು ಬರುವ ದಿನ ತಾನು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಳ್ಳುತ್ತಿದ್ದದ್ದು ಮಾತ್ರ ನೆನಪಿತ್ತು. ಅಕ್ಕ ಅದನ್ನು ನೋಡಿದ್ದಳೇ? ಆಗ ಅವಳಿಗೆ ಕಣ್ಣು ಕಾಣುತ್ತಿತ್ತು.

ಲೆನ್ಸಿನವರು ತಿರುಪು ಬಿಗಿ ಮಾಡುತ್ತ ದನಿ ತಗ್ಗಿಸಿದರು. "ಆ ಕಾಲೇಜಿನ ಕೆಲಸಕ್ಕೂ ಒಲ್ಲೆ ಅಂದ್ರಂತೆ. ಅದಕ್ಕೆ ಮಾತ್ರ ನಂಗೆ ಬೇಜಾರಾಯ್ತು ನೋಡಿ. ಟೀಚರ್ ಟ್ರೈನಿಂಗ್ ಕಾಲೇಜು, ಸ್ಲೈಡಿನ ಕೋಣೆ ಪೂರ್ತಿ ನಿಮ್ಮ ಕೈಲಿ, ಇರೋಕೆ ಒಂದು ಕ್ವಾರ್ಟರ್ಸು. ಹೋದ ವರ್ಷ ನಾನೇ ಫೋನ್ ಮಾಡಿ ನಿಮ್ಮಕ್ಕನಿಗೆ ಹೇಳಿದ್ದೆ. ಅವರಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಈಗಿನ ಹುಡುಗ್ರಿಗೆ ಹೈಡ್ರಾ ಮುದುರದ ಹಾಗೆ ಕೊಲ್ಲೋಕೆ ಎಲ್ಲಿ ಬರುತ್ತೆ?"

ನಡುಮನೆಯಲ್ಲಿ ಅಕ್ಕ ಫೋನು ಇಟ್ಟ ಸದ್ದಾಯಿತು. ಬೂಷ್ಟು ಪೂರ್ತಿ ಹೋಯಿತೇ ಎಂದು ಪುಟ್ಟಿ ನಡುಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು.

ಅವರು ಹೊರಟ ಮೇಲೆ ಅಕ್ಕ ಆಪರೇಷನ್ ಮುಂದಿನ ವಾರ ಎಂದು ತಿಳಿಸಿದಳು. ಎರಡೂ ಕಣ್ಣು ಒಂದಾದ ಮೇಲೊಂದು ಮಾಡುತ್ತಾರಂತೆ, ಚೆನ್ನಾಗಿಯೇ ಕಾಣುತ್ತದಂತೆ. ಹೇಳುವಾಗ ಅವಳ ಮುಖ ಸಣ್ಣ ಹುಡುಗಿಯ ಮುಖದ ಹಾಗಿತ್ತು. ಹೇಳಿ ಮುಗಿಸಿ, ಅವನೇನಂದ ಎಂದು ಕೇಳಿದಳು. ಬೂಷ್ಟು ಒಳಗಿನ ಗಾಜಿಗೂ ಹಿಡಿದಿತ್ತಂತೆ ಎಂದಳು ಪುಟ್ಟಿ.

ಎರಡನೆಯ ಬಟ್ಟಲಿಗೆ ಕೂತರು. ಫ್ಯಾನು ನಿಂತಿತು. ಅದರಲ್ಲಿ ಒಂದೇ ಹೈಡ್ರಾ, ಆದರೆ ಈ ವರ್ಷ ಸಿಕ್ಕವುಗಳಲ್ಲೇ ದೊಡ್ಡದು. ಪಕ್ಕೆಯಲ್ಲಿ ಮೊಗ್ಗು, ಮೊಗ್ಗಿನ ತುದಿಗೆ ಆಗಲೇ ಕೈಗಳು. ಇಂಥದ್ದು ಸಿಗುವುದು ಅಪರೂಪ. ಸ್ವಲ್ಪ ತಡವಾದರೆ ಮರಿ ತಾನೇ ಬುಡ ಕಿರಿದಾಗಿಸಿಕೊಂಡು, ಪಾದ ಕಟ್ಟಿಕೊಂಡು, ಕಳಚಿ ಹೋಗುತ್ತದೆ. ಯಾರೂ ಅದನ್ನು ಕತ್ತರಿಸುವುದಿಲ್ಲ, ತಾಯಿಯೂ ತಡೆಯುವುದಿಲ್ಲ. ಪುಟ್ಟಿ ಮಸೂರಕ್ಕೆ ಕಣ್ಣಿಟ್ಟು ಕೂತಳು. ತಾಯಿ ಚಾಚಿತು. ಮರಿ ಚಾಚಿತು. ಅವಳ ಕಣ್ಣು ನೋಡುತ್ತಿತ್ತು, ಮನಸ್ಸು ಮಾತ್ರ ಬಸ್ಸಿನಲ್ಲಿ ಕೂತು ನಗುತ್ತಿದ್ದ ಒಬ್ಬ ಗಂಡಸಿನ ಪಕ್ಕದಲ್ಲಿತ್ತು.

"ಅರಳಿತಾ?"

"ಹೂಂ."

"ಪಾದ?"

"ನಿನ್ನ ಕಡೆ."

ಅಕ್ಕ ಬಟ್ಟಲಿನಂಚಿಗೆ ಬೆರಳಿಟ್ಟು ಸುರಿದಳು. ದ್ರಾವಣ ನೇರ ಕೈಗಳ ಮೇಲೆ ಹೋಯಿತು. ಪಾದ ಇದ್ದದ್ದು ಪುಟ್ಟಿಯ ಕಡೆಗೆ. ತಾಯಿ ಬುಡಕ್ಕೆ ಸೇದಿಕೊಂಡಿತು, ಮರಿ ತಾಯಿಯೊಳಕ್ಕೆ ಹುದುಗಿತು, ಹಳದಿ ತಿಳಿಯಾಗುವಷ್ಟರಲ್ಲಿ ಅಲ್ಲಿ ಒಂದು ಉಂಡೆ ಇತ್ತು. ಎಲ್ಲಿಯವರೆಗೆ ತಾಯಿ, ಎಲ್ಲಿಂದ ಮರಿ ಎಂದು ಹೇಳುವ ಹಾಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಈ ತಪ್ಪು ಮಾಡಿರಲಿಲ್ಲ.

"ಹೇಗೆ ಬಂತು?" ಅಕ್ಕ ಕೇಳಿದಳು.

"ಚೆನ್ನಾಗಿದೆ."

"ಮೊಗ್ಗು?"

"ಅದೂ."

ಅಕ್ಕ ಕೈ ಒರೆಸಿಕೊಂಡಳು. ಕಣ್ಣು ಬಂದ ಮೇಲೆ ಮೊದಲು ಇದನ್ನೇ ನೋಡ್ತೀನಿ ಎಂದಳು. ಆಗ ಪುಟ್ಟಿಯ ಬಾಯಿಂದ ಮಾತು ಹೊರಬಿತ್ತು, ಅವಳು ಕಟ್ಟಿಕೊಂಡ ಮಾತಾಗಿರಲಿಲ್ಲ.

"ಹೆಂಡ್ತಿ ಸತ್ತೋನ ಬಟ್ಟೆ ಒಗೆಯೋಕೆ ಅಂತ ನಾನು ಯಾವಾಗ ಅಂದೆ ಅಕ್ಕಾ?"

ಅಕ್ಕನ ಕೈಯಲ್ಲಿದ್ದ ಬಟ್ಟೆ ನಿಂತಿತು. ಇಲ್ಲ, ಹಾಗಲ್ಲ, ಯಾರು ಹೇಳಿದ್ದು ಎಂದೇನೂ ಅವಳು ಅನ್ನಲಿಲ್ಲ. ಅಷ್ಟು ಮರ್ಯಾದೆಯನ್ನು ತಂಗಿಗೆ ಕೊಟ್ಟಳು.

"ನೀನು ಅನ್ನಬೇಕಾಗಿತ್ತು."

"ನಾನು ಅನ್ನಲಿಲ್ಲ."

"ನಿನಗೆ ಅನ್ನೋಕೆ ಬರ್ತಿರಲಿಲ್ಲ. ಅದಕ್ಕೇ ನಾನೇ ಅಂದೆ." ಅಕ್ಕ ಸದ್ದು ಬಂದ ಕಡೆಗೆ ಮುಖ ತಿರುಗಿಸಿದಳು, ಒಂದಿಷ್ಟು ಎಡಕ್ಕೆ ತಪ್ಪಿ. "ಆಗಲೇ ನನಗೆ ಕಣ್ಣು ಮಸುಕಾಗೋಕೆ ಶುರುವಾಗಿತ್ತು ಪುಟ್ಟಿ. ನಿನಗೆ ಹೇಳಿರಲಿಲ್ಲ."

"ಹೇಳಿದ್ರೆ ನಾನೇ ಉಳೀತಿದ್ದೆ."

"ಗೊತ್ತು. ಅದಕ್ಕೇ ಹೇಳಲಿಲ್ಲ. ಪಾಪ ಅಂತ ಉಳಿದೋಳು ದಿನಾ ಬೆಳಗ್ಗೆ ಎದ್ದು ಅದನ್ನೇ ನೆನಪು ಮಾಡ್ಕೋತಾಳೆ. ನಂಗೆ ಗೊತ್ತಿಲ್ವಾ ಅದು? ನಾನೂ ಉಳಿದಿದ್ದೀನಲ್ಲ."

ನಿನಗೋಸ್ಕರ ಎಂಬ ಮಾತನ್ನು ಅಕ್ಕ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಚಿಕ್ಕಮ್ಮ, ಅತ್ತೆ, ಪಕ್ಕದ ಮನೆಯವರು, ಸತ್ತವರು, ಬದುಕಿದವರು ಎಲ್ಲರೂ ಅವಳ ಪರವಾಗಿ ಅದನ್ನು ಆಡಿ ಮುಗಿಸಿದ್ದರು: ತಾಯಿಯಿಲ್ಲದ ತಂಗಿಗಾಗಿ ಬಂದ ಗಂಡನ್ನು ಬೇಡವೆಂದವಳು. ಪುಟ್ಟಿ ಅದನ್ನು ಅನ್ನದ ಜೊತೆಗೇ ಉಂಡು ಬೆಳೆದಿದ್ದಳು. ಈವತ್ತು ಮೊದಲ ಸಲ ಅವಳಿಗೆ ಅನ್ನಿಸಿತು, ಅಕ್ಕನೂ ದಿನಾ ಬೆಳಗ್ಗೆ ಎದ್ದು ತನ್ನ ಮುಖ ನೋಡಿ ಅದನ್ನೇ ನೆನಪು ಮಾಡಿಕೊಂಡಿರಬೇಕು. ಅಷ್ಟು ಬೆಳಗುಗಳು. ಒಂದರಲ್ಲೂ ಬಾಯಿ ಬಿಡದೆ ಇವಳ ತಲೆ ಬಾಚಿ ಜಡೆ ಹಾಕಿದ್ದಳು.

ಕೋಪ ಹಾಗಾಗಿ ನೆಟ್ಟಗೆ ನಿಲ್ಲಲಿಲ್ಲ, ಕಾಲು ಜಾರುತ್ತಿತ್ತು. ಅವಳು ಬಟ್ಟಲನ್ನು ಎತ್ತಿ ಕಿಟಕಿಯ ಬಳಿ ಇಟ್ಟು ಕಾದಳು. ಮದುವೆಯ ಮಾತು ಹೇಳಿದ ಹಾಗೆ ಇನ್ನೊಂದನ್ನೂ ಅಕ್ಕ ಈಗ ಹೇಳುತ್ತಾಳೆ. ಇಷ್ಟು ಬಾಯಿ ಬಿಟ್ಟವಳು ಅದನ್ನೊಂದು ಯಾಕೆ ಮುಚ್ಚಿಡುತ್ತಾಳೆ? ಕಾಲೇಜಿನಿಂದ ಕೆಲಸಕ್ಕೆ ಕೇಳಿದ್ದರು ಅನ್ನಲಿ, ತಪ್ಪಾಯಿತು ಅನ್ನುವುದೂ ಬೇಡ. ಬೇಡ ಅಂದೆ ಎಂದರೆ ಸಾಕು. ಅಷ್ಟು ಹೇಳಿದರೆ ತಾನು ಈ ಮನೆಯಲ್ಲೇ ಉಳಿದುಬಿಡುತ್ತೇನೆ ಎಂದು ಕೂಡ ಅವಳಿಗೆ ಅನ್ನಿಸಿತು.

"ಅವನು ಬೇರೇನಾದ್ರೂ ಹೇಳಿದ್ನಾ?" ಅಕ್ಕ ಕೇಳಿದಳು.

"ಇಲ್ಲ."

ಅಕ್ಕನ ಭುಜ ಸ್ವಲ್ಪ ಇಳಿಯಿತು. ಸಮಾಧಾನವಾದಾಗ ಇಳಿಯುವ ಹಾಗೆ. "ಹಾಗಾದ್ರೆ ಮುಗೀತು ಬಿಡು. ಹಳೇ ಕತೆ. ಅವನ ಜೊತೆ ಹೋಗಿದ್ರೆ ನೀನು ಸುಖವಾಗೇನೂ ಇರ್ತಿರಲಿಲ್ಲ. ಕಣ್ಣು ಬರಲಿ, ಈ ಕೋಣೆಗೆ ಸುಣ್ಣ ಬಳಿಸೋಣ. ಇಬ್ರೂ ಎದುರು ಬದುರು ಕೂತು ಮೊದಲಿನ ಹಾಗೆ ಮಾಡೋಣ."

ಅಡಿಗೆಮನೆಗೆ ಹೋಗಿ ಪುಟ್ಟಿ ಕೈ ತೊಳೆದಳು. ಬೆರಳ ತುದಿಯ ಹಳದಿ ಸೋಪಿಗೆ ಬಿಡುವಂಥದ್ದಲ್ಲ. ಚಹಾ ಮಾಡಿದಳು. ಅಕ್ಕನ ಲೋಟದಲ್ಲಿ ಸಕ್ಕರೆ ಕದಡಿ, ಹಿಡಿ ಬಲಗೈಗೆ ಸಿಗುವ ಹಾಗೆ ತಿರುಗಿಸಿ ಇಟ್ಟಳು. ಅಕ್ಕ ಕುಡಿಯುತ್ತ ಆಪರೇಷನ್ನಿಗೆ ಯಾವ ಬಟ್ಟೆ ಒಯ್ಯಬೇಕು, ಹೈಡ್ರಾಗಳಿಗೆ ಆ ದಿನ ಯಾರು ನೀರು ಬದಲಿಸಬೇಕು ಎಂದೆಲ್ಲ ಮಾತಾಡಿದಳು. ಪುಟ್ಟಿ ಎಲ್ಲದಕ್ಕೂ ಸರಿಯಾದ ಜಾಗದಲ್ಲಿ ಹೂಂ ಎಂದಳು. ಮದುವೆ ಹೋದದ್ದಕ್ಕೆ ಈಗ ಅಷ್ಟೇನೂ ನೋವಿರಲಿಲ್ಲ. ಅದು ಸತ್ತವರ ಸುದ್ದಿಯ ಹಾಗೆ ತಡವಾಗಿ ಬಂದಿತ್ತು. ಸುಡುತ್ತಿದ್ದದ್ದು ಆ ಇಳಿದ ಭುಜ.

ಸಂಜೆ ಬೆಳಕಿರುವಾಗಲೇ ಕಣ್ಣಿಗೆ ಔಷಧಿ ಹಾಕಬೇಕು, ಆಪರೇಷನ್ನಿನ ಹಿಂದಿನ ವಾರದಿಂದ ಹಾಗೆ ಡಾಕ್ಟರು ಹೇಳಿದ್ದರು. ಅಕ್ಕ ಮಂಚದ ಮೇಲೆ ಒರಗಿ ಮುಖ ಮೇಲೆತ್ತಿದಳು. ಪುಟ್ಟಿ ಅವಳ ಹಣೆಯ ಮೇಲೆ ಅಂಗೈ ಇಟ್ಟು ರೆಪ್ಪೆ ಅಗಲಿಸಿದಳು. ಹಾಲುಗಟ್ಟಿದ ಪಾಪೆ ಎಲ್ಲಿಯೋ ನೋಡುತ್ತಿತ್ತು. ಒಂದು ಹನಿ. ಇನ್ನೊಂದು ಕಣ್ಣಿಗೆ ಒಂದು ಹನಿ. ಮುಚ್ಚಿಕೋ ಎಂದಳು. ಅಕ್ಕ ಮುಚ್ಚಿಕೊಂಡಳು. ಕೆನ್ನೆಯ ಮೇಲೆ ಔಷಧಿ ಇಳಿಯಿತು. ಪುಟ್ಟಿ ಅದನ್ನು ತನ್ನ ಬೆರಳಿನಿಂದಲೇ ಒರೆಸಿದಳು.

ಅಕ್ಕನಿಗೆ ಕಣ್ಣು ಬರುವವರೆಗೆ ಇಲ್ಲಿರುವುದು. ಆಸ್ಪತ್ರೆಯಿಂದ ಕರೆತಂದು, ಪಟ್ಟಿ ಬಿಚ್ಚಿ, ಬೀದಿಯ ತುದಿಯ ಅಂಗಡಿಯವರೆಗೆ ಅವಳು ಒಬ್ಬಳೇ ಹೋಗಿ ಬರುವುದನ್ನು ಕಿಟಕಿಯಿಂದ ನೋಡುವುದು. ಅದಾದ ಮೇಲೆ ಕಾಲೇಜಿಗೆ ತಾನೇ ಹೋಗಿ ಕೇಳುವುದು. ಕೆಲಸ ಇನ್ನೂ ಇದ್ದರೆ ಸರಿ. ಇಲ್ಲದಿದ್ದರೆ ಇನ್ನೊಂದು ಊರು, ಇನ್ನೊಂದು ಕಾಲೇಜು. ಯಾರಾದರೂ ಕೇಳಿದರೆ ತನ್ನ ಉತ್ತರವನ್ನು ತಾನೇ ಕೊಡುವುದು, ಅದು ಎಷ್ಟೇ ಸಪ್ಪೆಯಾಗಿರಲಿ. ಹೀಗೆ ಒಂದಾದ ಮೇಲೊಂದು ಅವಳ ತಲೆಯೊಳಗೆ ತಾವಾಗಿಯೇ ಬಂದು ಕೂತವು. ಎಲ್ಲವೂ ಕೂತ ಮೇಲೆ ಅವಳಿಗೆ ಆಶ್ಚರ್ಯವಾಗುವಷ್ಟು ನಿರಾಳವಾಯಿತು. ಆ ನಿರಾಳದ ತಳದಲ್ಲಿ ಕಹಿ ಹಾಗೆಯೇ ಇತ್ತು. ಅದು ಹೋಗಲಿ ಎಂದು ಅವಳು ಕಾಯಲಿಲ್ಲ.

"ಏನು ಯೋಚನೆ ಮಾಡ್ತಿದೀಯಾ?" ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಏನಿಲ್ಲ. ಸ್ವಲ್ಪ ಹೊತ್ತು ಕಣ್ಣು ತೆಗೀಬೇಡ."